ಬೆಳಗಿನ ನೀರು

“ನಲ್ಲಿ ತಿರುಗಿಸಿದ್ರೆ ಆಯ್ತು, ಬಿಸಿನೀರು. ಹಂಡೆಗೆ ಬಗ್ಗುವುದು ಬೇಡ, ಕಣ್ಣಿಗೆ ಹೊಗೆ ಬೇಡ. ನೀವು ಒಮ್ಮೆ ಬಂದು ನೋಡಿ ಆಳ್ವರೇ,” ಎಂದು ಚಾರ್ಲ್ಸ್ ಪೊರ್ಬುಗಳು ಮೂರನೆಯ ಸಲ ಹೇಳಿದಾಗ, ಮಹಾಬಲ ಆಳ್ವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಮಾತಿಗೆ ಜಾಗ ಮಾಡಿಕೊಂಡರು.

“ಅದಕ್ಕೆ ಬೆಂಕಿ ಬೇಡವಾ?”

“ಬೇಕು. ಸ್ವಲ್ಪ ಇದ್ದಲು ಸಾಕು.”

“ಬೆಂಕಿಯೂ ಬೇಕು, ನೀರೂ ಬೇಕು. ಮತ್ತೆ ಬೊಂಬಾಯಿಯಿಂದ ಹಡಗಿನಲ್ಲಿ ಬಂದದ್ದು ಎಂತದು, ಬರೀ ನಲ್ಲಿಯಾ?”

ಹಸನಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗ ಕಳಿಸಿದ ಬಾಯ್ಲರಿಗೆ ಇಂಥ ಮರ್ಯಾದೆ ಸಿಕ್ಕಿದ್ದು ಚಾರ್ಲ್ಸರಿಗೆ ಹಿಡಿಸಲಿಲ್ಲ.

ಭಾನುವಾರದ ಊಟ ಮುಗಿಸಿ ಈ ಮೂವರು ಬಿಜೈಯಲ್ಲಿ ಆಳ್ವರ ಮನೆಯ ಜಗಲಿಯಲ್ಲಿ ಸೇರುವುದು ಎಷ್ಟೋ ವರ್ಷಗಳ ವಾಡಿಕೆ. ಮೂವರೂ ಬಂದರಿನ ಪರಿಚಯ. ಆಳ್ವರು ಅಲ್ಲಿಯ ಒಂದು ಕಾಫಿ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದವರು. ಚಾರ್ಲ್ಸ್ ಹಡಗಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಈಗ ಎರಡು ಮನೆಯಾಚೆ ಪಿಂಚಣಿ ಉಣ್ಣುತ್ತಿದ್ದವರು. ಹಸನಬ್ಬ ಮಾತ್ರ ಮಂಜಿ ಹಡಗುಗಳಿಗೆ ಹಗ್ಗ, ಹಾಯಿಬಟ್ಟೆ ಮಾರುವ ಅಂಗಡಿಯನ್ನು ಇನ್ನೂ ಬಿಟ್ಟಿರಲಿಲ್ಲ. ಊರಿನ ಬೇರೆ ಜಗಲಿಗಳಲ್ಲಿ ಸ್ವರಾಜ್ಯದ ಚರ್ಚೆಯಾಗುವ ಕಾಲದಲ್ಲಿ ಈ ಜಗಲಿಯಲ್ಲಿ ಬಂಗುಡೆಗೆ ಹುಳಿ ಎಷ್ಟು ಹಾಕಬೇಕು ಎಂದು ಚರ್ಚೆಯಾಗುತ್ತಿತ್ತು. ಈ ವಾರ ಬಿಸಿನೀರಿನ ಸರದಿ.

“ನಿಮಗಿಬ್ಬರಿಗೂ ಬೇರೆ ಕೆಲಸ ಇಲ್ಲ,” ಎಂದರು ಹಸನಬ್ಬ. “ನಾನು ಬೆಳಗಿನ ಸುಬಹಿ ನಮಾಜಿಗೆ ಮೊದಲು ಬಾವಿಯಿಂದ ಎಳೆದು ಸೀದಾ ತಲೆಗೆ ಹೊಯ್ಯುವವ. ಅರುವತ್ತು ದಾಟಿತು, ಒಂದು ಸೀನು ಇಲ್ಲ.”

“ನಿಮ್ಮದು ಚರ್ಮ ಅಲ್ಲ ಬ್ಯಾರಿಗಳೇ, ಹಾಯಿಬಟ್ಟೆ,” ಎಂದು ಆಳ್ವರು ಕಾಲು ಚಾಚಿ ಕುಳಿತರು. “ಕೇಳಿ. ಪೊರ್ಬುಗಳ ಬಾಯ್ಲರ್ ಬಿಡಿ, ನಿಮ್ಮ ತಣ್ಣೀರೂ ಬಿಡಿ. ಬಿಸಿನೀರು ಅಂದ್ರೆ ಫಳ್ನೀರಿನಲ್ಲಿ ನನ್ನ ಹೆಂಡತಿಯ ಮನೆಯದ್ದು. ಸಂಜೆ ನಾನು ಅಂಗಳಕ್ಕೆ ಕಾಲಿಡುವಾಗಲೇ ಹಂಡೆಯಲ್ಲಿ ನೆಕ್ಕಿಸೊಪ್ಪು ಕುದಿಯುವ ಪರಿಮಳ ಬರ್ತದೆ. ಒಂದು ಚೆಂಬು ಬೆನ್ನಿಗೆ ಬಿದ್ರೆ ಇಡೀ ದಿನದ ಆಯಾಸ ಬಚ್ಚಲಲ್ಲಿ ಹರಿದು ಹೋಗ್ತದೆ. ಆ ನೀರು ಕಂಡವನಿಗೆ ಬೇರೆ ನೀರೆಲ್ಲ ಕೈ ತೊಳೆಯಲಿಕ್ಕೆ.”

“ಈ ಮನೆಯದ್ದೂ?” ಎಂದು ಚಾರ್ಲ್ಸ್ ಸೇಡು ತೀರಿಸಿಕೊಳ್ಳುವವರ ಹಾಗೆ ಕೇಳಿದರು.

“ಈ ಮನೆಯದ್ದೂ ಅಷ್ಟೇ ಮಾರಾಯ್ರೇ. ಕೈ ತೊಳೆಯಲಿಕ್ಕೆ ಧಾರಾಳ ಸಾಕು!”

ಹೊಸಿಲಿನ ಒಳಗೆ ಕುಶಲಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳು ಆಳ್ವರ ಸೋದರಳಿಯ ಮೋಹನದಾಸನ ಹೆಂಡತಿ. ತಟ್ಟೆಯನ್ನು ಮೂವರ ನಡುವೆ ಇಟ್ಟು ಒಳಗೆ ಹೋದಳು. ಆಳ್ವರು ಕಾಫಿಯನ್ನು ಊದಿ ಕುಡಿದರು. ಹೇಳಿದ ಮಾತನ್ನು ಆ ಗಳಿಗೆಯಲ್ಲೇ ಮರೆತರು.

ಆಳ್ವರಿಗೆ ಎರಡು ಮನೆ ಇತ್ತು ಎಂದರೆ ಊರಿನ ಬೇರೆ ಜನ ನಗಬಹುದು. ಆದರೆ ಅಳಿಯಕಟ್ಟಿನ ಮನೆತನಗಳಲ್ಲಿ ಅದು ನಗುವ ಸಂಗತಿಯಲ್ಲ. ಅಲ್ಲಿ ಗಂಡಸು ತಾನು ಹುಟ್ಟಿದ ಮನೆಗೆ ಯಜಮಾನ, ಹೆಂಡತಿಯ ಮನೆಗೆ ನೆಂಟ. ಮಕ್ಕಳು ತಾಯಿಯ ಮನೆಯಲ್ಲಿ ಬೆಳೆಯುತ್ತಾರೆ, ಅಕ್ಕತಂಗಿಯರ ಮಕ್ಕಳು ಸೋದರಮಾವನ ಮಾತು ಕೇಳುತ್ತಾರೆ, ಅವನ ನಂತರ ಯಜಮಾನಿಕೆ ಅವರಿಗೆ. ಮದುವೆಯಾದ ಲಾಗಾಯ್ತು ಆಳ್ವರು ಸಂಜೆಯಾಗುತ್ತಲೇ ಬಿಜೈಯಿಂದ ಹೊರಟು, ಕೊಡಿಯಾಲಬೈಲು, ಹಂಪನಕಟ್ಟೆ ದಾಟಿ ಫಳ್ನೀರಿಗೆ ಹೋಗುತ್ತಿದ್ದರು. ಅಲ್ಲಿ ಹೆಂಡತಿ ಉಮಾವತಿ ನೆಂಟರಿಗೆ ಕೊಡುವ ಹಾಗೆ ಬೆಲ್ಲ ನೀರು ಕೊಡುತ್ತಿದ್ದಳು, ಸ್ನಾನಕ್ಕೆ ಕರೆಯುತ್ತಿದ್ದಳು, ಊಟ ಬಡಿಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಅವರು ಎದ್ದು ಕೊಡೆ ಹಿಡಿದು ಬಿಜೈಗೆ ಮರಳುತ್ತಿದ್ದರು. ಸಂಜೆಯ ಸ್ನಾನ ಎಲ್ಲಿಯೇ ಆಗಲಿ, ಬೆಳಗಿನ ಸ್ನಾನ ಮಾತ್ರ ಸ್ವಂತ ಮನೆಯಲ್ಲೇ ಆಗಬೇಕು ಎಂದು ಅವರ ಸೋದರಮಾವ ಕಲಿಸಿದ್ದರು. ಹೆಂಡತಿಯ ಮನೆಯಲ್ಲಿ ಬೆಳಿಗ್ಗೆ ಮೀಯುವ ಗಂಡಸಿಗೆ ಬೇರೆ ನೆಲೆ ಇಲ್ಲ ಎಂದು ಜನ ತಿಳಿಯುತ್ತಾರಂತೆ.

ಬಿಜೈಯ ಮನೆಯಲ್ಲಿ ಬೆಳಗಿನ ಮೊದಲ ಬಿಸಿನೀರು ಯಜಮಾನನದು. ಅವನು ಮಿಂದು ಹೊರಗೆ ಬರುವ ತನಕ ಯಾರೂ ಹಂಡೆ ಮುಟ್ಟುವಂತಿಲ್ಲ. ಮಾವ ತೀರಿಕೊಂಡು ಕ್ರಿಯೆಗಳೆಲ್ಲ ಮುಗಿದ ಮರುದಿನ ಅಕ್ಕ ಅಮ್ಮಣಿ ಬಚ್ಚಲಿನ ಬಾಗಿಲಲ್ಲಿ ನಿಂತು, “ಮಹಾಬಲ, ನೀರಾಯ್ತು, ಬಾ,” ಎಂದು ಕರೆದಿದ್ದಳು. ತಾನು ಯಜಮಾನನಾದೆ ಎಂದು ಆಳ್ವರಿಗೆ ನಿಜವಾಗಿ ತಿಳಿದದ್ದು ಆಗಲೇ. ಅವತ್ತು ಬಚ್ಚಲಿನ ಕತ್ತಲೆಯಲ್ಲಿ ಒಬ್ಬರೇ ಕುಳಿತು ಅತ್ತಿದ್ದರು. ಅದು ಮಾವನಿಗಾಗಿ ಬಂದ ಅಳುವೋ, ಜಂಬಕ್ಕೆ ಬಂದ ಅಳುವೋ ಅವರಿಗೇ ಗೊತ್ತಿರಲಿಲ್ಲ.

ಆ ಅಮ್ಮಣಿ ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಕೊಂಡಳು. ಅವಳ ಮಗ ಮೋಹನದಾಸನಿಗೆ ಬ್ಯಾಂಕಿನಲ್ಲಿ ಕೆಲಸ. ಅವನು ಹೊಸ ಕಾಲದ ಹುಡುಗ. ಸಂಜೆ ಸಂಜೆ ಮೂಲ್ಕಿಯ ಹೆಂಡತಿ ಮನೆಯ ತನಕ ಓಡುವುದು ತನ್ನಿಂದಾಗದು ಎಂದು ಅವಳನ್ನೇ ಬಿಜೈಗೆ ಕರೆದುಕೊಂಡು ಬಂದಿದ್ದ. ಅತ್ತೆ ಹೋದ ಮೇಲೆ ಬಚ್ಚಲಿನ ಬೆಂಕಿ ಕುಶಲಾಳ ಪಾಲಿಗೆ ಬಂತು. ಮಾವನವರು ಫಳ್ನೀರಿನಿಂದ ಬರುವ ಹೊತ್ತಿಗೆ ಸರಿಯಾಗಿ ಅವಳು ಕತ್ತಲಲ್ಲೇ ಎದ್ದು, ತೆಂಗಿನ ಕೊತ್ತಳಿಗೆ, ಸಿಪ್ಪೆ ಒಟ್ಟಿ, ಕಣ್ಣು ಕೆಂಪು ಮಾಡಿಕೊಂಡು ಹಂಡೆ ಕಾಯಿಸುತ್ತಿದ್ದಳು. ಆ ನೀರು ಕೈ ತೊಳೆಯಲಿಕ್ಕೆ ಸಾಕು ಎಂದು ಅವಳ ಕಿವಿಗೆ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ಆಳ್ವರು ಎಂದಿನಂತೆ ಬಂದು, ಅಂಗಿ ಕಳಚಿ, ಬೈರಾಸು ಉಟ್ಟು ಬಚ್ಚಲಿಗೆ ಹೋದರು. ಹಂಡೆಗೆ ಕೈ ಹಾಕಿದರು. ನೀರು ಉಗುರುಬೆಚ್ಚಗೂ ಇರಲಿಲ್ಲ, ತಳದಲ್ಲಿ ನಾಲ್ಕು ಚೆಂಬು ಉಳಿದಿತ್ತು ಅಷ್ಟೇ. ಒಲೆಯಲ್ಲಿ ಬೂದಿ. ನೆಲವೆಲ್ಲ ಒದ್ದೆ, ಸಾಬೂನಿನ ವಾಸನೆ. ಯಾರೋ ಮಿಂದು ಹೋಗಿದ್ದರು.

ಅವರು ಬಚ್ಚಲಿನ ಬಾಗಿಲಿಗೆ ಬಂದು ಕೆಮ್ಮಿದರು. ಆ ಕೆಮ್ಮಿಗೆ ಹಿಂದೆ ಗೋದಾಮಿನಲ್ಲಿ ಮೂಟೆ ಹೊರುವವರು ಓಡಿ ಬರುತ್ತಿದ್ದರು. ಕುಶಲಾ ಅಡುಗೆಮನೆಯಿಂದ ನಿಧಾನಕ್ಕೇ ಬಂದಳು.

“ಆ ನೀರಲ್ಲಿ ಇವರು ಮಿಂದ್ರು ಮಾವ,” ಎಂದಳು. “ನಿಮಗೆ ಇಲ್ಲಿಯದ್ದು ಹಿಡಿಸುವುದಿಲ್ಲ ಅಂತ ನಿನ್ನೆ ಹೇಳಿದ್ರಲ್ಲ. ಸುಮ್ಮನೆ ಕಾಯಿಸಿ ಯಾಕೆ ಹಾಳು ಮಾಡುವುದು ಅಂತ. ಬೇಕಾದ್ರೆ ಹೇಳಿ, ಈಗ ಬೆಂಕಿ ಹಾಕ್ತೇನೆ.”

ಕುಶಲಾ ಕೆಟ್ಟ ಹುಡುಗಿಯಲ್ಲ. ಆಡಿದ ಮಾತನ್ನು ಆಡಿದ ಹಾಗೆಯೇ ನಂಬುವ ಹುಡುಗಿ. ಅದರಲ್ಲಿ ಒಂದು ಚಿಟಿಕೆ ಕೋಪವೂ ಬೆರೆತಿದ್ದರೆ ಅವಳನ್ನು ದೂರುವ ಹಾಗಿಲ್ಲ. ಬೇಕು ಎಂದು ಒಂದು ಮಾತು ಹೇಳಿದ್ದರೆ ಅರ್ಧ ಗಂಟೆಯಲ್ಲಿ ನೀರು ಕುದಿಯುತ್ತಿತ್ತು. ಆದರೆ ಆಳ್ವರು ತಮ್ಮ ಜನ್ಮದಲ್ಲಿ ಬಿಸಿನೀರು ಬೇಕು ಎಂದು ಯಾರನ್ನೂ ಕೇಳಿದವರಲ್ಲ. ಈ ಮನೆಯಲ್ಲಿ ಅಕ್ಕ ಕರೆಯುತ್ತಿದ್ದಳು, ಆ ಮನೆಯಲ್ಲಿ ಹೆಂಡತಿ ಕರೆಯುತ್ತಿದ್ದಳು. ಕೇಳುವ ಮಾತು ಅವರ ಬಾಯಿಗೇ ಬರುತ್ತಿರಲಿಲ್ಲ.

“ಬೇಡ ಬೇಡ,” ಎಂದರು ಎದೆ ಉಬ್ಬಿಸಿ. “ನಾನು ಇನ್ನು ಬೆಳಿಗ್ಗೆ ತಣ್ಣೀರೇ ಮೀಯುವುದು ಅಂತ ಮಾಡಿದ್ದೇನೆ. ಹಸನಬ್ಬನನ್ನು ನೋಡು, ಕಲ್ಲಿನ ಹಾಗೆ ಇದ್ದಾನೆ.”

ಬಾವಿಯಿಂದ ಸೇದಿ ತಲೆಗೆ ಹೊಯ್ದುಕೊಂಡರು. ಧನು ತಿಂಗಳು. ಮಂಗಳೂರಿನ ಚಳಿ ಹೇಳಿಕೊಳ್ಳುವಂಥದ್ದಲ್ಲ, ಆದರೂ ಬೆಳಗಿನ ಬಾವಿ ನೀರಿಗೆ ಅದು ಗೊತ್ತಿರುವುದಿಲ್ಲ. ಮೊದಲ ಕೊಡಕ್ಕೆ ಉಸಿರು ನಿಂತ ಹಾಗಾಯಿತು. ಎರಡನೆಯದಕ್ಕೆ ಅವರಿಗೆ ಗೊತ್ತಿದ್ದ ದೇವರು ದೈವಗಳೆಲ್ಲ ಒಟ್ಟಿಗೆ ನೆನಪಾದರು. ಒಳಗಿನಿಂದ ಕುಶಲಾ ನೋಡುತ್ತಿದ್ದಾಳೆ ಎಂದು ತಿಳಿದದ್ದರಿಂದ ಮೂರನೆಯದನ್ನೂ ಹೊಯ್ದುಕೊಂಡರು.

ಹುಡುಗಿ ಇದನ್ನೂ ನಂಬಿದಳು. ಮರುದಿನದಿಂದ ಹಂಡೆ ಮೋಹನದಾಸನ ಹೊತ್ತಿಗೆ ಸರಿಯಾಗಿ ಕಾಯತೊಡಗಿತು. ಪೊರ್ಬುಗಳ ಮನೆಯವರ ಹತ್ತಿರ ಅವಳು, “ನಮ್ಮ ಮಾವ ಈ ಪ್ರಾಯದಲ್ಲೂ ತಣ್ಣೀರು ಮೀಯುವುದು,” ಎಂದು ಹೆಮ್ಮೆಯಿಂದ ಹೇಳಿಕೊಂಡದ್ದೂ ಆಯಿತು. ಆಳ್ವರು ದಿನಾ ಬೆಳಿಗ್ಗೆ ಬಾವಿಕಟ್ಟೆಗೆ ಹೋಗುತ್ತಿದ್ದರು, ಬಚ್ಚಲಿನ ಮಾಡಿನಿಂದ ಏಳುವ ಹೊಗೆಯನ್ನು ನೋಡುತ್ತಿದ್ದರು, ಕಣ್ಣು ಮುಚ್ಚಿ ಹೊಯ್ದುಕೊಳ್ಳುತ್ತಿದ್ದರು. ತಣ್ಣೀರಿಗಿಂತ ಆ ಹೊಗೆ ಅವರನ್ನು ಹೆಚ್ಚು ಕೊರೆಯುತ್ತಿತ್ತು. ಇನ್ನೊಬ್ಬನಿಗೆ ಏಳುವ ಹೊಗೆ ಅದು.

ಮುಂದಿನ ಭಾನುವಾರ ಜಗಲಿಯಲ್ಲಿ ಅವರ ಸ್ವರ ಎದ್ದಿರಲಿಲ್ಲ. ಮೂಗು ಕಟ್ಟಿ, ಕಣ್ಣಲ್ಲಿ ನೀರು ಬರುತ್ತಿತ್ತು.

“ತಣ್ಣೀರಿನ ಗುಣ,” ಎಂದು ಚಾರ್ಲ್ಸ್ ಖುಷಿಯಿಂದ ಹೇಳಿದರು. “ಬ್ಯಾರಿಗಳ ಶಿಷ್ಯ ಆದದ್ದಕ್ಕೆ ಪ್ರಸಾದ. ನನ್ನ ಬಾಯ್ಲರ್ ಉಂಟು, ಯಾವಾಗ ಬೇಕಾದ್ರೂ ಬನ್ನಿ.” ಬಾಯ್ಲರಿನ ಹೋದ ಮರ್ಯಾದೆ ಅಷ್ಟರ ಮಟ್ಟಿಗೆ ವಾಪಸಾಯಿತು. ಅವರು ಬೇಗ ಎದ್ದು ಪ್ರಾರ್ಥನೆಗೆ ಇಗರ್ಜಿಯ ಕಡೆ ಹೋದರು.

ಹಸನಬ್ಬ ಏಳಲಿಲ್ಲ. ಟೊಪ್ಪಿಯನ್ನು ಮೊಣಕಾಲಿನ ಮೇಲಿಟ್ಟು ಆಳ್ವರ ಮುಖವನ್ನೇ ನೋಡಿದರು.

“ಈಗ ಸತ್ಯ ಹೇಳಿ.”

ಆಳ್ವರು ಒಳಬಾಗಿಲಿನ ಕಡೆ ಒಮ್ಮೆ ನೋಡಿ, ತಗ್ಗಿದ ಸ್ವರದಲ್ಲಿ ಎಲ್ಲ ಹೇಳಿದರು. ತಮ್ಮ ಬಾಯಿ ಜಾರಿದ್ದನ್ನೂ ಬಿಡಲಿಲ್ಲ.

“ಇಷ್ಟೇಯಾ? ಆ ಹುಡುಗಿಯ ಹತ್ರ ಬಿಸಿನೀರು ಬೇಕು ಅಂದ್ರೆ ಮುಗೀತಲ್ಲ ಮಾರಾಯ್ರೇ.”

“ಕೇಳಿ ತಗೊಂಡದ್ದು ಯಜಮಾನನ ನೀರಾಗ್ತದಾ ಹಸನಬ್ಬ? ಅದು ಭಿಕ್ಷೆಯ ನೀರು.” ಮೂಗಿನ ನೀರೋ ಕಣ್ಣಿನ ನೀರೋ, ಆಳ್ವರು ಬೈರಾಸಿನಲ್ಲಿ ಮುಖ ಒರೆಸಿದರು. “ನನಗೆ ಬೇಕಾದದ್ದು ಬಿಸಿ ಅಲ್ಲ. ಆ ಹಂಡೆ ಯಾರದ್ದು ಅಂತ ಗೊತ್ತಾಗ್ಬೇಕು. ಹುಟ್ಟಿದ ಮನೆಯಲ್ಲಿ ನಾನು ಯಾರು ಅಂತ ಗೊತ್ತಾಗ್ಬೇಕು.”

“ಫಳ್ನೀರಿನಲ್ಲಿ ಮೀಯಿರಿ ಹಾಗಾದ್ರೆ. ಬೆಳಿಗ್ಗೆಯೂ.”

“ಛೆ! ಎಂತ ಮಾತು ಆಡ್ತೀರಿ?”

“ನಾನು ಹೆಂಡತಿಯ ಮನೆಯಲ್ಲೇ ಮುದುಕ ಆದವ,” ಎಂದು ಹಸನಬ್ಬ ಟೊಪ್ಪಿ ಇಟ್ಟುಕೊಂಡು ಎದ್ದರು. “ನನಗೆ ಎಂತ ಕೊಂಬು ಕಡಿಮೆ ಆಗಿದೆ?”

ಆಳ್ವರ ತಲೆಯಲ್ಲಿ ಬೇರೆಯೇ ಒಂದು ಬೆಳಗು ಸುಳಿಯುತ್ತಿತ್ತು. ಮಗ ಜಯ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಹೊರಡಲು ಕೊಡೆ ಎತ್ತಿಕೊಂಡಾಗ ಉಮಾವತಿ ಬಚ್ಚಲಿನ ಹತ್ತಿರದಿಂದ, “ನೀರು ಕಾದಿದೆ. ಇವತ್ತು ಇಲ್ಲೇ ಮಿಂದು ಹೋಗಿ,” ಎಂದಿದ್ದಳು. ಅವರು ನಕ್ಕು, “ನಾನೆಂತ ನೆಲೆ ಇಲ್ಲದವನಾ?” ಎಂದು ನಡೆದಿದ್ದರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. “ಆಯ್ತು. ನಾನು ಕೇಳುವುದು ಒಂದೇ ಸಲ,” ಎಂದು ಹೇಳಿ, ಆ ನೀರಿನಲ್ಲಿ ಮಗುವಿನ ಬಟ್ಟೆ ಒಗೆಯಲು ಕುಳಿತಳು. ಮತ್ತೆ ಕೇಳಲಿಲ್ಲ. ಜಯನಿಗೆ ಈಗ ಮೀಸೆ ಬಂದಿದೆ.

ಸೋಮವಾರ ಬೆಳಿಗ್ಗೆ ಆಳ್ವರು ಬಿಜೈಯ ಅಂಗಳಕ್ಕೆ ಕಾಲಿಟ್ಟಾಗ ಕುಶಲಾ ಅವರನ್ನೇ ಕಾಯುತ್ತಿದ್ದಳು. ಹಿಂದಿನ ದಿನ ಅವರ ಕೆಮ್ಮನ್ನು ಅವಳು ಕೇಳಿದ್ದಳು. ಹುಡುಗಿಗೆ ಪಾಪ ಅನಿಸಿತ್ತು.

“ಮಾವ, ತಣ್ಣೀರು ಸಾಕು ನಿಮಗೆ. ನಾನು ಹಂಡೆ ತುಂಬ ಕಾಯಿಸಿದ್ದೇನೆ, ಕರಿಮೆಣಸಿನ ಕಷಾಯವೂ ಉಂಟು. ಇವರ ಸ್ನಾನ ಆಯ್ತು. ಇನ್ನು ನೀವು ಹೋಗಿ.”

ಎಷ್ಟು ಒಳ್ಳೆಯ ಮಾತು! ಅದರಲ್ಲಿ ಕಲ್ಲು ಹುಡುಕಿದರೂ ಸಿಗದು. ಆದರೆ ‘ಇವರ ಸ್ನಾನ ಆಯ್ತು, ಇನ್ನು ನೀವು’ ಎಂಬುದು ಆಳ್ವರ ಎದೆಯಲ್ಲಿ ಕುಳಿತುಬಿಟ್ಟಿತು. ಹುಡುಗಿ ಸಿಟ್ಟಿನಲ್ಲಿ ಹಾಗೆ ಮಾಡಿದ್ದರೆ ಒಂದು ದಿನ ಸಿಟ್ಟು ಇಳಿಯುತ್ತಿತ್ತು. ಇದು ಪ್ರೀತಿಯಲ್ಲಿ ಬಂದದ್ದು, ಇಳಿಯುವಂಥದ್ದಲ್ಲ. ಮನೆ ತನ್ನಷ್ಟಕ್ಕೇ ಹೊಸ ಸಾಲು ಹಾಕಿಕೊಂಡಿತ್ತು, ಅದರಲ್ಲಿ ಅವರು ಎರಡನೆಯವರು. ಚಾವಡಿಯಲ್ಲಿ ಮೋಹನದಾಸ ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದ. ಮಾವನನ್ನು ಕಂಡು ಎಂದಿನ ಗೌರವದಿಂದಲೇ ಪಕ್ಕಕ್ಕೆ ಸರಿದು ನಿಂತ. ಅವನ ಕತ್ತಿನ ಹಿಂದೆ ನೀರು ಇಳಿಯುತ್ತಿತ್ತು. ತಮ್ಮ ಮಾವ ಸತ್ತಾಗ ತಾವೂ ಇದೇ ಪ್ರಾಯದವರಾಗಿದ್ದರು ಎಂದು ಆಳ್ವರಿಗೆ ಹೊಳೆಯಿತು. ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಸಿಟ್ಟು ಬರಲೊಲ್ಲದು.

“ಆ ನೀರಲ್ಲಿ ನೀನೇ ಮೀಯು ಮಗಾ. ಕತ್ತಲಲ್ಲಿ ಎದ್ದು ಕಾಯಿಸಿದವಳು ನೀನು,” ಎಂದು ಕುಶಲಾಳಿಗೆ ಹೇಳಿದರು. “ನೀರು ಒಳ್ಳೆಯದೇ ಉಂಟು ನಿನ್ನದು. ನಾನು ಆ ದಿವಸ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದು.”

“ನೀವು?”

“ನಾನು ಫಳ್ನೀರಿಗೆ ಹೋಗಿ ಬರ್ತೇನೆ.”

“ಈಗ ಅಲ್ಲಿಂದಲೇ ಬಂದದ್ದಲ್ವಾ ಮಾವ?”

“ಹೌದು,” ಎಂದು ಆಳ್ವರು ಹಗ್ಗದ ಮೇಲಿದ್ದ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಕೊಡೆಯನ್ನೂ ಮರೆತರು.

ಬೆಳಗಿನ ಬಿಸಿಲಿನಲ್ಲಿ ಆ ದಾರಿಯನ್ನು ಅವರು ತಿರುಗುಮುರುಗಾಗಿ ಎಂದೂ ನಡೆದಿರಲಿಲ್ಲ. ಕೊಡಿಯಾಲಬೈಲಿನಲ್ಲಿ ಹಾಲಿನವನು ಚೆಂಬು ಇಳಿಸಿ ಅವರನ್ನೇ ನೋಡಿದ. ಹಂಪನಕಟ್ಟೆಯಲ್ಲಿ ಜಟಕಾದವರು ಪಿಸುಗುಟ್ಟಿದ ಹಾಗೆ ಅನಿಸಿತು. ನೋಡಲಿ, ಎಂದುಕೊಂಡರು. ಆದರೆ ಕಾಲು ಭಾರವಾದದ್ದು ಜನರಿಂದಲ್ಲ. ಉಮಾವತಿ ಏನೆನ್ನುತ್ತಾಳೆ? ಕೇಳುವುದು ಒಂದೇ ಸಲ ಎಂದವಳು. ಆಡಿದ ಮಾತು ಬಿಡುವ ಹೆಂಗಸಲ್ಲ. ಈ ಹೊತ್ತಿಗೆ ಯಾಕೆ ಬಂದಿರಿ ಎಂದು ಅವಳು ಕೇಳಿದರೆ, ಮತ್ತೆ ತಿರುಗಿ ಹೋಗುವುದಕ್ಕೆ ತನಗೆ ಒಂದು ಮನೆ ಉಂಟೆಂದು ಎದೆ ತಟ್ಟಿ ಹೇಳುವ ಧೈರ್ಯ ಇವತ್ತು ಇರಲಿಲ್ಲ. ಅರುವತ್ತು ವರ್ಷದ ಗಂಡಸು ನಡುರಸ್ತೆಯಲ್ಲಿ ಹೆದರಿಕೊಂಡರು.

ಫಳ್ನೀರಿನ ಮನೆಯ ಬೆಳಗನ್ನು ಅವರು ಕಂಡಿರಲಿಲ್ಲ. ಸಂಜೆ ಅವರು ಬರುವಾಗ ಅಂಗಳ ಗುಡಿಸಿರುತ್ತಿತ್ತು, ಮಕ್ಕಳು ಸದ್ದಿಲ್ಲದೆ ಕುಳಿತಿರುತ್ತಿದ್ದರು. ಈಗ ನೋಡಿದರೆ ಅಂಗಳದ ತುಂಬ ಗಲಾಟೆ. ಮಗಳು ಮುದ್ದುವಿನ ಎರಡು ಮಕ್ಕಳು ಬೆತ್ತಲೆ ಓಡುತ್ತಿದ್ದವು, ಅವಳು ಎಣ್ಣೆಯ ಬಟ್ಟಲು ಹಿಡಿದು ಬೈಯುತ್ತಾ ಹಿಂದೆ ಓಡುತ್ತಿದ್ದಳು. ಬಚ್ಚಲಿನ ಒಳಗೆ ಜಯ ದೊಡ್ಡ ಸ್ವರದಲ್ಲಿ ಹಾಡುತ್ತಿದ್ದ. ತನ್ನ ಮಗ ಹಾಡುತ್ತಾನೆ ಎಂಬುದೇ ಆಳ್ವರಿಗೆ ಗೊತ್ತಿರಲಿಲ್ಲ. ಉಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೂದಲನ್ನು ಮೇಲೆ ಕಟ್ಟಿ, ಹಂಡೆಯ ಒಲೆಗೆ ತೆಂಗಿನ ಮಡಲು ತುರುಕುತ್ತಿದ್ದಳು. ಮುಖದಲ್ಲಿ ಮಸಿ.

“ಎಂತ ಆಯ್ತು? ಏನಾದ್ರೂ ಮರೆತು ಹೋದಿರಾ?” ಎಂದು ಎದ್ದು ನಿಂತಳು. ಆಮೇಲೆ ಹೆಗಲ ಮೇಲಿನ ಬೈರಾಸನ್ನು ನೋಡಿದಳು.

ಆಳ್ವರು ಬಿಜೈಯಿಂದ ಇಲ್ಲಿಯವರೆಗೆ ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದರು. ಬಾಯಿಂದ ಬಂದದ್ದು ಒಂದೇ.

“ಉಮಾ, ಸ್ನಾನಕ್ಕೆ ನೀರು ಉಂಟಾ?”

ಉಮಾವತಿ ಮಡಲಿನ ಪುಡಿಯನ್ನು ಕೈಯಿಂದ ಕೊಡವಿದಳು. ಗಂಡನ ಕಟ್ಟಿದ ಮೂಗು, ಕೆಂಪು ಕಣ್ಣು, ಧೂಳಿನ ಕಾಲು ಎಲ್ಲವನ್ನೂ ನೋಡಿದಳು. ಒಂದು ವಾರದಿಂದ ಅವರು ಸಂಜೆಯ ಬಿಸಿನೀರಿನ ಮುಂದಿನಿಂದ ಏಳದೆ ಕೂರುವುದನ್ನೂ ಅವಳು ಕಂಡಿದ್ದಳು. ಏನು ನಡೆದಿರಬಹುದು ಎಂದು ಊಹಿಸುವಷ್ಟು ಬಿಜೈಯ ಮನೆಯನ್ನು ಅವಳು ಬಲ್ಲಳು.

ಬಚ್ಚಲಿನ ಹಾಡು ನಿಂತಿತು. “ಯಾರಮ್ಮ ಅದು?”

“ಅಪ್ಪ.”

“ಅಪ್ಪನಾ? ಈಗಲಾ? ತಡೆ, ನಾನು ಹೊರಗೆ ಬರ್ತೇನೆ. ಅವರು ಮೊದಲು ಮೀಯಲಿ.” ಒಳಗೆ ಚೆಂಬು ಬಿದ್ದ ಶಬ್ದವಾಯಿತು.

“ಬೇಡ. ನೀನು ಮುಗಿಸು,” ಎಂದಳು ಉಮಾವತಿ.

ಆಳ್ವರ ಮುಖ ಸಣ್ಣದಾಯಿತು. ಈ ಮನೆಯಲ್ಲಿಯೂ ತಾನು ಎರಡನೆಯವನೇ ಎಂದುಕೊಂಡರು. ಉಮಾವತಿ ಅದನ್ನು ಗಮನಿಸಿದರೂ ಗಮನಿಸದವಳ ಹಾಗೆ ಬೆರಳು ಮಡಚಿ ಎಣಿಸಿದಳು.

“ಜಯನ ನಂತರ ಈ ಎರಡು ಕೋತಿಗಳು. ಆಮೇಲೆ ಮುದ್ದು. ಆಮೇಲೆ ನಾನು, ನನಗೆ ದೇವರಿಗೆ ದೀಪ ಇಡ್ಲಿಕ್ಕುಂಟು. ಕಡೆಗೆ ನೀವು. ಅಷ್ಟು ಹೊತ್ತು ಕೂತ್ಕೊಳ್ಳಿ.” ಕಟ್ಟೆಯ ಮೇಲಿದ್ದ ಮಕ್ಕಳ ಬಟ್ಟೆಯನ್ನು ಸರಿಸಿ ಅವರಿಗೆ ಜಾಗ ಮಾಡಿದಳು. “ಮೊದಲ ನೀರೇ ಬೇಕೂಂತ ಇದ್ರೆ ಸಂಜೆ ಬನ್ನಿ. ಅದು ನೆಂಟರಿಗೆ.”

ಅಷ್ಟು ಹೇಳಿ ಮತ್ತೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬೆನ್ನು ಈ ಕಡೆ ಇದ್ದದ್ದರಿಂದ ಅವಳು ನಕ್ಕಳೋ, ಸೆರಗಿನಲ್ಲಿ ಹೊಗೆಯ ಕಣ್ಣು ಒರೆಸಿಕೊಂಡಳೋ ಕಾಣಲಿಲ್ಲ.

ಆಳ್ವರು ಕಟ್ಟೆಯ ಪಕ್ಕದಲ್ಲಿ ನಿಂತಲ್ಲೇ ನಿಂತಿದ್ದರು. ಆಮೇಲೆ ಕುಳಿತರು. ಮುದ್ದು ಎಣ್ಣೆ ಹಚ್ಚಿದ ಮೊಮ್ಮಗಳನ್ನು ತಂದು ಅವರ ತೊಡೆಯ ಮೇಲೆ ಕೂರಿಸಿ, “ಇದನ್ನು ಓಡದ ಹಾಗೆ ಹಿಡ್ಕೊಳ್ಳಿ ಅಪ್ಪ,” ಎಂದು ಇನ್ನೊಂದರ ಹಿಂದೆ ಹೋದಳು. ಮಗು ಮೀನಿನಂತೆ ಜಾರುತ್ತಿತ್ತು. ಅವರ ಬಿಳಿ ಪಂಚೆಯೆಲ್ಲ ಎಣ್ಣೆಯಾಯಿತು. ಜಯ ಹೊರಗೆ ಬಂದು ಅಪ್ಪನನ್ನು ಕಂಡು ನಾಚಿಕೊಂಡ. ಮಕ್ಕಳು ಒಳಗೆ ಹೋಗಿ ಕಿರುಚಿದವು. ಮುದ್ದು ಮಿಂದಳು. ಉಮಾವತಿ ಮಿಂದು, ಒದ್ದೆ ತಲೆಗೆ ಬಟ್ಟೆ ಸುತ್ತಿ, ಅವರ ಮುಂದೆಯೇ ನೀರು ಸುರಿಸುತ್ತಾ ನಡೆದು ಹೋದಳು. ಯಾರೂ ಅವರಿಗೆ ಬೆಲ್ಲ ನೀರು ಕೊಡಲಿಲ್ಲ.

ಅವರ ಸರದಿ ಬರುವಾಗ ಹಂಡೆಯ ತಳದಲ್ಲಿ ನೀರು ಎಷ್ಟು ಬೇಕೋ ಅಷ್ಟೇ ಇತ್ತು. ಬೆಂಕಿ ಆರುತ್ತಾ ಬಂದಿತ್ತು. ನೆಕ್ಕಿಸೊಪ್ಪು ಇರಲಿಲ್ಲ. ಬಚ್ಚಲಿನ ನೆಲದಲ್ಲಿ ಮಕ್ಕಳು ಬಿಟ್ಟ ಸೀಗೆಪುಡಿ, ಗೂಡಿನಲ್ಲಿ ಜಯನ ಸಾಬೂನು, ಗಿಳಿಗೂಟದಲ್ಲಿ ಮುದ್ದುವಿನ ಒದ್ದೆ ಸೀರೆ. ಆಳ್ವರು ಬಗ್ಗಿ, ಚೆಂಬನ್ನು ಹಂಡೆಯ ತಳಕ್ಕೆ ಉಜ್ಜಿ ಉಜ್ಜಿ ನೀರು ತೆಗೆದು ಮಿಂದರು. ನೀರು ಹದವಾಗಿ ಬೆಚ್ಚಗಿತ್ತು. ಮೂಗು ಬಿಟ್ಟುಕೊಂಡಿತು. ಜಯ ಅರ್ಧಕ್ಕೆ ನಿಲ್ಲಿಸಿದ ಹಾಡು ಯಾವುದೆಂದು ನೆನಪು ಮಾಡಿಕೊಳ್ಳಲು ಹೋಗಿ, ಅವರೇ ಮೆಲ್ಲಗೆ ಅದನ್ನು ಗುನುಗಿದರು.

ಹೊರಗೆ ಬಂದಾಗ ದೋಸೆಯ ಕಾವಲಿಯ ಸದ್ದು ಕೇಳುತ್ತಿತ್ತು. ಅವರು ಅತ್ತ ಹೆಜ್ಜೆ ಹಾಕಿದರು.

“ಅಲ್ಲಿಗೆ ಆಮೇಲೆ,” ಎಂದು ಉಮಾವತಿ ಅಡುಗೆಮನೆಯ ಕಿಟಕಿಯಿಂದಲೇ ಕರೆದು ಹೇಳಿದಳು. “ಕಡೆಗೆ ಮಿಂದವರು ಹಂಡೆ ತುಂಬಿಸಿ ಬರ್ಬೇಕು. ಈ ಮನೆಯಲ್ಲಿ ಹಾಗೆ. ಕೊಡಪಾನ ಬಾವಿಕಟ್ಟೆಯಲ್ಲಿ ಉಂಟು.”

ಜಯ ಗಾಬರಿಯಿಂದ ಎದ್ದು, “ನಾನು ತುಂಬಿಸ್ತೇನೆ ಅಪ್ಪ,” ಎಂದು ಬಂದ. ಆಳ್ವರು ಅವನ ಕಡೆ ತಿರುಗಿಯೂ ನೋಡದೆ, “ನೀನು ತಿಂಡಿ ತಿನ್ನು. ನಿನ್ನ ಸ್ನಾನ ಮೊದಲೇ ಆಗಿದೆ,” ಎಂದರು.

ಬಾವಿಯ ಹಗ್ಗ ಅವರ ಕೈಗೆ ಒರಟಾಗಿತ್ತು. ಮೊದಲ ಕೊಡ ಅರ್ಧಕ್ಕರ್ಧ ಚೆಲ್ಲಿತು. ಎರಡನೆಯದು ಸರಿಯಾಗಿ ಬಂತು. ಮೂಟೆಗಳ ಲೆಕ್ಕ ನೋಡಿದವರಿಗೆ ಮೂಟೆ ಎತ್ತಿ ಗೊತ್ತಿರಲಿಲ್ಲ, ಸೊಂಟ ಹಿಡಿಯಿತು. ನಡುನಡುವೆ ನಿಂತು ಉಸಿರು ಬಿಟ್ಟು ಮತ್ತೆ ಹೊತ್ತರು. ಖಾಲಿ ಹಂಡೆಗೆ ನೀರು ಬೀಳುವ ಸದ್ದು ಮೊದಲು ದೊಡ್ಡದಾಗಿತ್ತು, ಬರಬರುತ್ತಾ ಸಣ್ಣದಾಯಿತು.

ಗೋಡೆಯಾಚೆ ಮಲ್ಲಿಗೆ ಕೊಯ್ಯುತ್ತಿದ್ದ ನೆರೆಮನೆಯ ಗೆರ್ಟ್ರೂಡ್ ಬಾಯಿ ರಾಟೆಯ ಸದ್ದಿಗೆ ತಲೆ ಎತ್ತಿದರು. ಒದ್ದೆ ಬೈರಾಸು ಉಟ್ಟು ಕೊಡ ಹೊತ್ತ ಮನುಷ್ಯ ಯಾರೆಂದು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಆಳ್ವರಾ? ಎಂತ, ಇಷ್ಟು ಹೊತ್ತಿಗೆ ನೀವು ಇಲ್ಲಿ? ಯಾರಿಗಾದ್ರೂ ಹುಷಾರಿಲ್ವಾ?”

“ಎಲ್ಲರೂ ಹುಷಾರುಂಟು ಬಾಯಿ,” ಎಂದು ಆಳ್ವರು, ರಸ್ತೆಯವರೆಗೆ ಕೇಳುವ ಹಾಗೆ, ಗೋದಾಮಿನ ಸ್ವರದಲ್ಲಿ ಹೇಳಿದರು. “ಇವತ್ತು ನನ್ನ ಸ್ನಾನ ಕಡೆಗೆ ಆದದ್ದು.”

ಹಂಡೆಯ ಕಂಠಕ್ಕೆ ಇನ್ನೂ ಒಂದು ಗೇಣು ಬಾಕಿ ಇತ್ತು. ಅವರು ಕೊಡಪಾನವನ್ನು ಮತ್ತೆ ಬಾವಿಗೆ ಬಿಟ್ಟರು.